ಎಲ್ಲರಿಗೂ ಒಂದೇ ಹೆಜ್ಜೆ: ಐಸ್ ಡ್ಯಾನ್ಸಿನ ಕಡ್ಡಾಯ ನೃತ್ಯಗಳ ಚರಿತ್ರೆ

ಉಕ್ಕಿನ ಅಲಗು ಜೋಡಿಸಿದ ಬೂಟು ತೊಟ್ಟು ಮಂಜುಗಡ್ಡೆಯ ಮೇಲೆ ಜಾರುವ ಫಿಗರ್ ಸ್ಕೇಟಿಂಗ್, ಓಟದ ಹಾಗೆ ಗಡಿಯಾರ ಹಿಡಿದು ಅಳೆಯಬಹುದಾದ ಸ್ಪರ್ಧೆಯಲ್ಲ. ಅದರ ಫಲಿತಾಂಶ ಮೊದಲಿನಿಂದಲೂ ಅಂಗಳದ ಅಂಚಿನಲ್ಲಿ ಕುಳಿತ ತೀರ್ಪುಗಾರರ ಕಣ್ಣನ್ನೇ ನೆಚ್ಚಿಕೊಂಡು ಬಂದಿದೆ. ಕಣ್ಣಿನ ತೀರ್ಪಿಗೆ ಏನಾದರೊಂದು ಗಟ್ಟಿ ಆಧಾರ ಬೇಕು, ಎಲ್ಲ ಸ್ಪರ್ಧಿಗಳೂ ಒಂದೇ ಹೆಜ್ಜೆಗಳನ್ನು ಒಂದೇ ಕ್ರಮದಲ್ಲಿ ಹಾಕಿದರೆ ಅವರ ನಡುವಿನ ಹೆಚ್ಚು ಕಡಿಮೆ ತಾನಾಗಿಯೇ ಎದ್ದು ಕಾಣುತ್ತದೆ ಎಂಬ ವಿಚಾರ 19ನೆಯ ಶತಮಾನ ಮುಗಿಯುವ ಮೊದಲೇ ಈ ಕ್ರೀಡೆಯಲ್ಲಿ ಬೇರೂರಿತ್ತು. ಸಂಗೀತ ಪರೀಕ್ಷೆಗೆ ಕುಳಿತ ಮಕ್ಕಳೆಲ್ಲರಿಂದ ಒಂದೇ ವರ್ಣವನ್ನು ಹಾಡಿಸುವುದರ ಹಿಂದಿರುವ ತರ್ಕವೂ ಇದೇ. ಆದರೆ ಆ ಒಂದೇ ಹೆಜ್ಜೆಯನ್ನು ಗೊತ್ತುಮಾಡುವವರು ಯಾರು, ಅದು ಯಾರ ಕಾಲಿಗೆ ಹೊಂದುವ ಹೆಜ್ಜೆ, ಅದು ಸರಿಯಾಗಿ ಬಿತ್ತೇ ಇಲ್ಲವೇ ಎಂಬುದನ್ನು ಪತ್ತೆ ಮಾಡುವ ಬಗೆ ಹೇಗೆ ಎಂಬ ಪ್ರಶ್ನೆಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಈ ಕ್ರೀಡೆಯನ್ನು ಕಾಡಿದವು. ಅದರಲ್ಲೂ ಜೋಡಿಗಳು ಸಂಗೀತಕ್ಕೆ ತಕ್ಕಂತೆ ನರ್ತಿಸುವ ಐಸ್ ಡ್ಯಾನ್ಸ್ ವಿಭಾಗದಲ್ಲಿ ಅವು ಇಂದಿಗೂ ಬಗೆಹರಿದಿಲ್ಲ.

ಈ ವಿಚಾರದ ಅತ್ಯಂತ ಕಟ್ಟುನಿಟ್ಟಿನ ರೂಪ ಡ್ಯಾನ್ಸಿನಲ್ಲಿ ಅಲ್ಲ, ಒಬ್ಬೊಬ್ಬರೇ ಆಡುವ ವಿಭಾಗದ ಕಡ್ಡಾಯ ಫಿಗರ್‌ಗಳಲ್ಲಿ ಕಾಣಿಸಿಕೊಂಡಿತು. ಸ್ಕೇಟಿನ ಅಲಗು ಸುಮಾರು 4 ಮಿಲಿಮೀಟರ್ ದಪ್ಪವಾಗಿದ್ದು, ಅದರ ತಳದ ಉದ್ದಕ್ಕೂ ಸಣ್ಣ ತೋಡು ಕೊರೆದಿರುವುದರಿಂದ ಇಬ್ಬದಿಗಳಲ್ಲಿ ಎರಡು ಹರಿತವಾದ ಅಂಚುಗಳು ಉಂಟಾಗುತ್ತವೆ. ಪಾದದ ಒಳಮಗ್ಗುಲಿನದು ಒಳ ಅಂಚು, ಹೊರಮಗ್ಗುಲಿನದು ಹೊರ ಅಂಚು. ಮೈಯನ್ನು ಒಂದು ಕಡೆಗೆ ವಾಲಿಸಿ ಒಂದೇ ಅಂಚಿನ ಮೇಲೆ ಜಾರಿದರೆ ಮಂಜುಗಡ್ಡೆಯ ಮೇಲೆ ಒಂದೇ ಗೆರೆ ಬಾಗಿ ಮೂಡುತ್ತದೆ, ಭಾರ ಎರಡರ ಮೇಲೂ ಹಂಚಿಹೋದರೆ ಒತ್ತೊತ್ತಾಗಿ ಜೋಡಿಗೆರೆ ಬೀಳುತ್ತದೆ. ಎಂಟರ ಆಕಾರದ ವೃತ್ತಗಳನ್ನೂ ಅವುಗಳೊಳಗೆ ಬಗೆಬಗೆಯ ತಿರುವುಗಳನ್ನೂ ಹೀಗೆ ಅಲಗಿನಿಂದ ಬರೆದು, ಮೊದಲು ಬಿದ್ದ ಗೆರೆಯ ಮೇಲೆಯೇ ಮತ್ತೆ ಮತ್ತೆ ಹಾಯಬೇಕಾಗಿತ್ತು. ಸ್ಪರ್ಧಿ ಪಕ್ಕಕ್ಕೆ ಸರಿದ ಕೂಡಲೇ ತೀರ್ಪುಗಾರರು ಅಂಗಳಕ್ಕಿಳಿದು, ಬಗ್ಗಿ, ಗೆರೆಗಳು ಎಷ್ಟು ಬೇರೆಬೇರೆಯಾಗಿವೆ, ತಿರುವಿನ ತುದಿಯಲ್ಲಿ ಜೋಡಿಗೆರೆ ಇಣುಕಿದೆಯೇ ಎಂದು ಪರೀಕ್ಷಿಸುತ್ತಿದ್ದರು. ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಒಪ್ಪಿದ ಇಂಥ ಫಿಗರ್‌ಗಳು 41. ಸ್ಪರ್ಧೆಯಲ್ಲಿ ಯಾವುವನ್ನು ಬರೆಯಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದುದರಿಂದ ಎಲ್ಲವನ್ನೂ ಕಲಿತಿರಲೇಬೇಕಿತ್ತು. ನ್ಯಾಯದ ದೃಷ್ಟಿಯಿಂದ ಇದರಷ್ಟು ಭದ್ರವಾದ ಪರೀಕ್ಷೆ ಈ ಕ್ರೀಡೆಗೆ ಮತ್ತೆ ಸಿಗಲಿಲ್ಲ, ಏಕೆಂದರೆ ಸಾಕ್ಷ್ಯ ನೆಲದ ಮೇಲೆಯೇ ಉಳಿದಿರುತ್ತಿತ್ತು.

ಸಾಕ್ಷ್ಯ ಉಳಿದರೂ ನೋಡುವ ಜನ ಉಳಿಯಲಿಲ್ಲ. ಒಟ್ಟು ಅಂಕದಲ್ಲಿ ಫಿಗರ್‌ಗಳ ಪಾಲು 1968ರವರೆಗೆ ಶೇ. 60ರಷ್ಟಿದ್ದು ಆಮೇಲೆ ಶೇ. 50ಕ್ಕೆ ಇಳಿದಿತ್ತು, ಆದರೂ 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಆಸ್ಟ್ರಿಯಾದ ಬಿಯಾಟ್ರಿಕ್ಸ್ ಶೂಬಾ ಫಿಗರ್‌ಗಳಲ್ಲಿ ಗಳಿಸಿದ ಭಾರಿ ಮುನ್ನಡೆಯ ಬಲದಿಂದ, ಹೆಜ್ಜೆಗಳನ್ನು ಸ್ಪರ್ಧಿಯೇ ಆರಿಸಿಕೊಳ್ಳುವ ಮುಕ್ತ ಪ್ರದರ್ಶನದಲ್ಲಿ ಏಳನೆಯವರಾಗಿಯೂ ಚಿನ್ನ ಗೆದ್ದರು, ಮುಕ್ತ ಪ್ರದರ್ಶನದಲ್ಲಿ ಎಲ್ಲರಿಗಿಂತ ಮೇಲಿದ್ದ ಅಮೆರಿಕದ ಜಾನೆಟ್ ಲಿನ್ ಕಂಚಿಗೆ ತೃಪ್ತರಾಗಬೇಕಾಯಿತು. ದೂರದರ್ಶನದಲ್ಲಿ ಮುಕ್ತ ಪ್ರದರ್ಶನವನ್ನಷ್ಟೇ ಕಂಡ ಪ್ರೇಕ್ಷಕರಿಗೆ ಇದು ಅರ್ಥವಾಗುವ ಫಲಿತಾಂಶವಾಗಿರಲಿಲ್ಲ. ಮರುವರ್ಷವೇ ಕಿರು ಪ್ರದರ್ಶನ ಎಂಬ ಹೊಸ ಸುತ್ತು ಸೇರಿಕೊಂಡು ಫಿಗರ್‌ಗಳ ಪಾಲು ಶೇ. 40 ಆಯಿತು, ಮುಂದೆ ಇನ್ನೂ ಸವೆಯಿತು. ಅವನ್ನು ಕೈಬಿಡಲು 1988ರಲ್ಲಿ ಒಕ್ಕೂಟ ತೀರ್ಮಾನಿಸಿ, 1990ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಅವುಗಳ ಕಡೆಯ ನೆಲೆಯಾಯಿತು. ಐಸ್ ಡ್ಯಾನ್ಸಿನ ಕಡ್ಡಾಯ ನೃತ್ಯಗಳು ಇನ್ನೂ ಇಪ್ಪತ್ತು ವರ್ಷ ಉಳಿದದ್ದಕ್ಕೆ ಅವುಗಳಲ್ಲಿ ಸಂಗೀತವೂ ಒಂದಿಷ್ಟು ಸೊಗಸೂ ಇದ್ದುದೇ ಕಾರಣವೆನ್ನಬೇಕು.

ಆ ನೃತ್ಯಗಳು ಸ್ಪರ್ಧೆಗೆಂದು ಹುಟ್ಟಿದವಲ್ಲ. ಅಮೆರಿಕದ ಜಾಕ್ಸನ್ ಹೇನ್ಸ್ 1860ರ ದಶಕದಲ್ಲಿ ವಿಯೆನ್ನಾಕ್ಕೆ ಬಂದು ಸಂಗೀತಕ್ಕೆ ಹೊಂದಿಸಿ ಸ್ಕೇಟ್ ಮಾಡಿ ತೋರಿಸಿದ ಮೇಲೆ, ವಾಲ್ಟ್ಸ್ ನೃತ್ಯದ ತವರಾಗಿದ್ದ ಆ ನಗರ ಅದನ್ನು ಮಂಜುಗಡ್ಡೆಗೂ ಇಳಿಸಿಕೊಂಡಿತು. ಕೃತಕವಾಗಿ ಮಂಜುಗಟ್ಟಿಸಿದ ಬಯಲು ಅಂಗಳವನ್ನು ಎಡುವಾರ್ಡ್ ಎಂಗೆಲ್‌ಮನ್ ಅಲ್ಲಿ 1909ರಲ್ಲಿ ತೆರೆದರು, ಅದೇ ವರ್ಷ ಅದೇ ಅಂಗಳದಲ್ಲಿ ಕಾರ್ಲ್ ಶ್ರೈಟರ್ ರೂಪಿಸಿದ ಕಿಲಿಯನ್ ಎಂಬ ನೃತ್ಯ ಚಾಲ್ತಿಗೆ ಬಂತು. ಕಡ್ಡಾಯ ನೃತ್ಯವೊಂದರ ಕಟ್ಟೋಣ ಹೇಗಿರುತ್ತದೆಂದು ತಿಳಿಯಲು ಕಿಲಿಯನ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಅದರಲ್ಲಿರುವುದು 14 ಹೆಜ್ಜೆ, ನಡಿಗೆಯ ಗತ್ತಿನ ಸಂಗೀತ, ನಿಮಿಷಕ್ಕೆ 116 ಬೀಟು. ಜೋಡಿ ಎದುರುಬದುರಾಗಿ ನಿಲ್ಲದೆ ಒಬ್ಬರ ಪಕ್ಕಕ್ಕೆ ಇನ್ನೊಬ್ಬರು ಸೊಂಟಕ್ಕೆ ಸೊಂಟ ತಾಗುವಷ್ಟು ಹತ್ತಿರ ನಿಂತು, ಅಂಗಳವನ್ನು ಅಪ್ರದಕ್ಷಿಣವಾಗಿ ಸುತ್ತುತ್ತಾರೆ. ಸುಮಾರು ಅರ್ಧದಷ್ಟು ದೂರ ಮುಂದಕ್ಕೆ ಜಾರಿದ ಮೇಲೆ ಚಾಕ್ಟಾ ಎಂಬ ತಿರುವು ಬರುತ್ತದೆ: ಒಂದು ಕಾಲಿನ ಒಳ ಅಂಚಿನ ಮೇಲೆ ಮುಂದಕ್ಕೆ ಹೋಗುತ್ತಿದ್ದವರು ಕ್ಷಣಾರ್ಧದಲ್ಲಿ ಹಿಮ್ಮುಖರಾಗಿ ಇನ್ನೊಂದು ಕಾಲಿನ ಹೊರ ಅಂಚಿಗೆ ಭಾರ ಬದಲಿಸಬೇಕು. ಪಕ್ಕಪಕ್ಕದಲ್ಲಿ ಇಬ್ಬರೂ ಒಟ್ಟಿಗೆ ಇದನ್ನು ಮಾಡುವಾಗ ಒಬ್ಬರ ಅಂಚು ತುಸು ಮೊದಲೇ ಸಡಿಲಿದರೂ ನಡುವೆ ಕಿಂಡಿ ಬೀಳುತ್ತದೆ, ಇಲ್ಲವೇ ಕಾಲಿಗೆ ಕಾಲು ತೊಡರುತ್ತದೆ. ಹೆಜ್ಜೆಗಳು ಹದಿನಾಲ್ಕೇ ಆದರೂ ಅಡಗಿಕೊಳ್ಳಲು ಎಡೆಯಿಲ್ಲ.

ಇಂಥ ನೃತ್ಯಗಳು ಬಹುಪಾಲು ಇಂದಿನ ರೂಪ ಪಡೆದದ್ದು 1930ರ ದಶಕದ ಲಂಡನ್ನಿನಲ್ಲಿ. ವೆಸ್ಟ್‌ಮಿನ್‌ಸ್ಟರ್, ಸ್ಟ್ರೆಟಮ್ ಮೊದಲಾದ ಒಳಾಂಗಣ ರಿಂಕ್‌ಗಳಲ್ಲಿ ಸಂಜೆಯ ಹೊತ್ತು ಬ್ಯಾಂಡಿನ ಸಂಗೀತಕ್ಕೆ ಜನ ಜೋಡಿಯಾಗಿ ಸುತ್ತುತ್ತಿದ್ದ ಕಾಲ ಅದು. ಬಾಲ್‌ರೂಮಿನಲ್ಲಿ ಯಾವ ತಾಳ ಹೊಸದಾಗಿ ಜನಪ್ರಿಯವಾದರೂ ಅದಕ್ಕೊಂದು ಮಂಜಿನ ಆವೃತ್ತಿ ಬೇಕೆನಿಸುತ್ತಿತ್ತು. ಎರಿಕ್ ವಾನ್ ಡರ್ ವೈಡನ್ ಮತ್ತು ಈವಾ ಕೀಟ್ಸ್ ಜೋಡಿ ಫಾಕ್ಸ್‌ಟ್ರಾಟ್, ವೆಸ್ಟ್‌ಮಿನ್‌ಸ್ಟರ್ ವಾಲ್ಟ್ಸ್ ಮುಂತಾದವನ್ನೂ, ರೆಜಿನಾಲ್ಡ್ ವಿಲ್ಕಿ ಮತ್ತು ಡ್ಯಾಫ್ನಿ ವಾಲಿಸ್ ಜೋಡಿ ಅರ್ಜೆಂಟೈನ್ ಟ್ಯಾಂಗೊ, ಪಾಸೊ ಡೊಬ್ಲೆ, ಕ್ವಿಕ್‌ಸ್ಟೆಪ್‌ಗಳನ್ನೂ, ರಾಬರ್ಟ್ ಡೆಂಚ್ ಮತ್ತು ಲೆಸ್ಲಿ ಟರ್ನರ್ ಜೋಡಿ ಬ್ಲೂಸನ್ನೂ ಕಟ್ಟಿದವು. ಇವರಿಗೆ ತಾವು ಒಲಿಂಪಿಕ್ ಪ್ರಶ್ನಪತ್ರಿಕೆ ಬರೆಯುತ್ತಿದ್ದೇವೆಂಬ ಕಲ್ಪನೆಯಿರಲು ಸಾಧ್ಯವಿರಲಿಲ್ಲ, ಏಕೆಂದರೆ ಐಸ್ ಡ್ಯಾನ್ಸ್ ಒಲಿಂಪಿಕ್ಸ್ ಸೇರಿದ್ದೇ 1976ರ ಇನ್ಸ್‌ಬ್ರುಕ್‌ನಲ್ಲಿ. ಒಂದು ತುಂಬಿದ ರಿಂಕಿನಲ್ಲಿ ನೂರಾರು ಜನ ಡಿಕ್ಕಿ ಹೊಡೆಯದೆ ಒಟ್ಟಿಗೆ ನರ್ತಿಸಬೇಕಾದರೆ ಎಲ್ಲರ ಹೆಜ್ಜೆಯೂ ಒಂದೇ ಆಗಿರಬೇಕು, ಒಂದೇ ದಿಕ್ಕಿನಲ್ಲಿ ಸಾಗಬೇಕು ಎಂಬ ಸಾಮಾಜಿಕ ಅಗತ್ಯವೇ ಮುಂದೆ ಸ್ಪರ್ಧೆಯ ನ್ಯಾಯವಾಗಿ ರೂಪಾಂತರಗೊಂಡಿತು.

ಎರಡನೆಯ ಮಹಾಯುದ್ಧದ ನಂತರ, 1950ರ ಲಂಡನ್ ವಿಶ್ವ ಚಾಂಪಿಯನ್‌ಷಿಪ್ಪಿನೊಂದಿಗೆ ಐಸ್ ಡ್ಯಾನ್ಸ್ ಪ್ರಾಯೋಗಿಕವಾಗಿ ನಡೆದು, 1952ರಲ್ಲಿ ಪ್ಯಾರಿಸ್‌ನಲ್ಲಿ ಅಧಿಕೃತ ವಿಭಾಗವಾಯಿತು. ಮೊದಲ ನಾಲ್ಕು ಪ್ರಶಸ್ತಿಗಳನ್ನೂ ಬ್ರಿಟನ್ನಿನ ಜೀನ್ ವೆಸ್ಟ್‌ವುಡ್ ಮತ್ತು ಲಾರೆನ್ಸ್ ಡೆಮಿ ಗೆದ್ದರು. ತಮ್ಮ ಊರಿನ ರಿಂಕ್‌ಗಳಲ್ಲಿ ಹುಟ್ಟಿದ ನೃತ್ಯಗಳೇ ಪರೀಕ್ಷೆಯಾಗಿದ್ದಾಗ ಆ ದೇಶದವರು ಮುಂದಿದ್ದುದು ಆಶ್ಚರ್ಯದ ವಿಷಯವಲ್ಲ.

ರಿಂಕಿನ ಮೋಜಿನ ಕುಣಿತವನ್ನು ಪರೀಕ್ಷೆಯ ಸಾಧನವಾಗಿ ಮಾರ್ಪಡಿಸಲು ಒಕ್ಕೂಟ ಪ್ರತಿ ನೃತ್ಯಕ್ಕೂ ಹೆಜ್ಜೆಪಟ್ಟಿಯನ್ನೂ ನಕ್ಷೆಯನ್ನೂ ಗೊತ್ತುಪಡಿಸಿತು. ಬಹುತೇಕ ಪಟ್ಟಿಗಳಲ್ಲಿ ಪುರುಷನಿಗೊಂದು, ಮಹಿಳೆಗೊಂದು ಅಂಕಣ. ಯಾವ ಹೆಜ್ಜೆ ಯಾವ ಕಾಲಿನ ಯಾವ ಅಂಚಿನ ಮೇಲೆ, ಎಷ್ಟು ಬೀಟಿನವರೆಗೆ ನಿಲ್ಲಬೇಕು ಎಂಬ ವಿವರ. ನಕ್ಷೆಯಲ್ಲಿ ಆ ಹೆಜ್ಜೆ ಅಂಗಳದ ಯಾವ ಭಾಗದಲ್ಲಿ ಬೀಳಬೇಕೆಂಬ ಗುರುತು. ಕೆಲವು ನೃತ್ಯಗಳ ನಕ್ಷೆಯನ್ನು ಸ್ಪರ್ಧಿಗಳು ಅಂಗಳಕ್ಕೆ ತಕ್ಕಂತೆ ಸ್ವಲ್ಪ ಮಾರ್ಪಡಿಸಿಕೊಳ್ಳಬಹುದಿತ್ತು. ಉಳಿದವುಗಳದ್ದು ಸ್ಥಿರ ನಕ್ಷೆ: ಒಂದು ಸುತ್ತು ಮುಗಿದು ಮತ್ತೆ ಮೊದಲ ಹೆಜ್ಜೆ ಬಂದಾಗ ಜೋಡಿ ಹಿಂದೆ ಹೊರಟ ಜಾಗದಲ್ಲಿಯೇ ಇರಬೇಕು, ಆಚೀಚೆ ಸರಿದರೆ ಎಲ್ಲೋ ಅಂಚನ್ನು ಕದ್ದಿದ್ದಾರೆಂದೇ ಅರ್ಥ. ಆದರೆ ಅಂಗಳಗಳೇ ಎಲ್ಲೆಡೆ ಒಂದೇ ಅಳತೆಯವಾಗಿರಲಿಲ್ಲ. ಯುರೋಪಿನ ದೊಡ್ಡ ಅಂಗಳ 60 ಮೀಟರ್ ಉದ್ದ, 30 ಮೀಟರ್ ಅಗಲವಿದ್ದರೆ, ಉತ್ತರ ಅಮೆರಿಕದ ಹಾಕಿ ಅಂಗಳದ ಅಗಲ ಸುಮಾರು 26 ಮೀಟರ್ ಮಾತ್ರ. ಈ ನಾಲ್ಕು ಮೀಟರಿನ ಕೊರತೆಯಿಂದ ಬಾಗುಗಳೆಲ್ಲ ಇಕ್ಕಟ್ಟಾಗುತ್ತವೆ, ಉದ್ದ ಕಾಲಿನ, ವೇಗದ ಜೋಡಿಗೆ ಅಲ್ಲಿ ವೇಗವೇ ತೊಡಕಾಗುತ್ತದೆ.

ಸಂಗೀತದಲ್ಲೂ ಸಮಾನತೆಯನ್ನು ತರಲು ಒಕ್ಕೂಟವೇ ಪ್ರತಿ ನೃತ್ಯಕ್ಕೂ ನಿಗದಿತ ವೇಗದ ಹಲವು ಧಾಟಿಗಳನ್ನು ಧ್ವನಿಮುದ್ರಿಸಿ ಕೊಡುತ್ತಿತ್ತು, ಸ್ಪರ್ಧೆಯಲ್ಲಿ ಅವು ಸರದಿಯಂತೆ ಬರುತ್ತಿದ್ದವು. ಬ್ಲೂಸ್‌ಗೆ ನಿಮಿಷಕ್ಕೆ 88 ಬೀಟು, ರಾವೆನ್ಸ್‌ಬರ್ಗರ್ ವಾಲ್ಟ್ಸ್‌ಗೆ 198. ವೇಗ ಕೂದಲೆಳೆಯಷ್ಟೂ ಬದಲಾಗದಿದ್ದರೂ ಯಾರ ಪಾಲಿಗೆ ಹುರುಪಿನ ಧಾಟಿ, ಯಾರ ಪಾಲಿಗೆ ಸಪ್ಪೆ ಧಾಟಿ ಎಂಬುದು ಸರದಿಯ ಕೈಯಲ್ಲಿತ್ತು. ಈ ಬಗೆಯ ಅನ್ಯಾಯವನ್ನು ಯಾರೂ ದೊಡ್ಡದು ಮಾಡಲಿಲ್ಲ. ಅದೃಷ್ಟ ಎಲ್ಲರಿಗೂ ಸಮ ಎಂಬ ನಂಬಿಕೆ ಕ್ರೀಡಾಲೋಕದಲ್ಲಿ ನ್ಯಾಯದ ಅರ್ಧ ಕೆಲಸವನ್ನು ಮಾಡಿಬಿಡುತ್ತದೆ.

ಹೆಚ್ಚು ಆಳವಾದ ತೊಡಕು ಹೊಸ ನೃತ್ಯಗಳ ಸೇರ್ಪಡೆಯಿಂದ ಬಂತು. 1960ರ ದಶಕದ ಕೊನೆಗೆ ಕಡ್ಡಾಯ ನೃತ್ಯಗಳಲ್ಲಿ ಒಂದನ್ನು ತೆಗೆದು, ಗೊತ್ತಾದ ತಾಳಕ್ಕೆ ಸ್ಪರ್ಧಿಗಳೇ ಹೆಜ್ಜೆ ಹೊಸೆಯುವ ಸ್ವಂತ ನೃತ್ಯದ ಸುತ್ತನ್ನು ತಂದಾಗ, ಶ್ರೇಷ್ಠ ಜೋಡಿಗಳು ತಮಗಾಗಿ ಕಟ್ಟಿಕೊಂಡದ್ದು ಮುಂದೆ ಎಲ್ಲರ ಪಠ್ಯವಾಗುವ ದಾರಿ ತೆರೆಯಿತು. ಅಮೆರಿಕದ ಜೂಡಿ ಶ್ವೊಮೆಯರ್ ಮತ್ತು ಜೇಮ್ಸ್ ಸ್ಲಾಡ್ಕಿ ತರಬೇತುದಾರ ರಾನ್ ಲುಡಿಂಗ್‌ಟನ್‌ರೊಡನೆ 1969ರಲ್ಲಿ ಯಾಂಕಿ ಪೋಲ್ಕಾವನ್ನು, ಪಶ್ಚಿಮ ಜರ್ಮನಿಯ ಆಂಗೆಲಿಕಾ ಮತ್ತು ಎರಿಕ್ ಬುಕ್ ಬೆಟ್ಟಿ ಕ್ಯಾಲವೇ ಜೊತೆಗೂಡಿ 1973ರಲ್ಲಿ ರಾವೆನ್ಸ್‌ಬರ್ಗರ್ ವಾಲ್ಟ್ಸನ್ನು, ಮಾಸ್ಕೋದ ಲ್ಯುಡ್ಮಿಲಾ ಪಖೊಮೊವಾ ಮತ್ತು ಅಲೆಕ್ಸಾಂಡರ್ ಗೊರ್ಷ್ಕೊವ್ ಎಲೆನಾ ಚೈಕೊವ್‌ಸ್ಕಯಾರ ನೆರವಿನಿಂದ 1974ರಲ್ಲಿ ಟ್ಯಾಂಗೊ ರೊಮ್ಯಾಂಟಿಕಾವನ್ನು, ಅದೇ ನಗರದಲ್ಲಿ ಮರೀನಾ ಕ್ಲಿಮೊವಾ ಮತ್ತು ಸೆರ್ಗೆಯ್ ಪೊನೊಮರೆಂಕೊ ನತಾಲಿಯಾ ದುಬೊವಾರೊಡನೆ 1987ರಲ್ಲಿ ಗೋಲ್ಡನ್ ವಾಲ್ಟ್ಸನ್ನು ರಚಿಸಿದರು. ಎಲ್ಲರನ್ನೂ ಅಳೆಯಬೇಕಾದ ಅಳತೆಗೋಲನ್ನು ಹೀಗೆ ಒಂದೊಂದು ಜೋಡಿಯ ಮೈಕಟ್ಟಿನಿಂದ, ಒಂದೊಂದು ಶಾಲೆಯ ರುಚಿಯಿಂದ ಕಡೆದು ತೆಗೆದಂತಾಯಿತು. ಪಖೊಮೊವಾ ಜೋಡಿಗೆ ಸಹಜವಾಗಿ ಒಲಿದಿದ್ದ ಬೆನ್ನಿನ ಬಾಗು, ಕತ್ತಿನ ತಿರುವು ಇತರರಿಗೆ ವರ್ಷಗಟ್ಟಲೆಯ ಅಭ್ಯಾಸದ ವಿಷಯ. ಕಡ್ಡಾಯ ನೃತ್ಯದ ನ್ಯಾಯವನ್ನು ಕುರಿತ ವಾದವಿವಾದಗಳಲ್ಲಿ ತೀರ್ಪುಗಾರರ ಪಕ್ಷಪಾತದ ಬಗ್ಗೆ ಬೇಕಾದಷ್ಟು ಮಾತು ಕೇಳಿಬಂದಿದೆ. ಹೆಜ್ಜೆಗಳೊಳಗೇ ಕುಳಿತಿರುವ ಈ ಪಕ್ಷಪಾತದ ಬಗ್ಗೆ ಅಷ್ಟು ಬಂದಂತಿಲ್ಲ.

ತೀರ್ಪುಗಾರರ ಪಕ್ಷಪಾತವೂ ಕಲ್ಪನೆಯಾಗಿರಲಿಲ್ಲ. ಮೊದಲ ಕಡ್ಡಾಯ ನೃತ್ಯದ ಕೊನೆಗೆ ಏರ್ಪಟ್ಟ ಸ್ಥಾನಗಳು ಸ್ವಂತ ನೃತ್ಯ, ಕೊನೆಯ ಸುತ್ತಾದ ಮುಕ್ತ ನೃತ್ಯಗಳನ್ನು ದಾಟಿ ಕಡೆಯವರೆಗೂ ಅಲುಗದೆ ಉಳಿಯುವುದು ಐಸ್ ಡ್ಯಾನ್ಸಿನಲ್ಲಿ ಸರ್ವೇಸಾಮಾನ್ಯವಾಗಿತ್ತು. ಗರಿಷ್ಠ 6.0 ಅಂಕದ ಹಳೆಯ ಪದ್ಧತಿಯಲ್ಲಿ ತೀರ್ಪುಗಾರರು ಜೋಡಿಗಳನ್ನು ಪರಸ್ಪರ ಹೋಲಿಸಿ ಸ್ಥಾನ ಕೊಡುತ್ತಿದ್ದರೇ ಹೊರತು, ಯಾವ ಹೆಜ್ಜೆಗೆ ಎಷ್ಟು ಕಡಿತವಾಯಿತೆಂದು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. 1998ರ ನಗಾನೊ ಒಲಿಂಪಿಕ್ಸ್‌ನ ಐಸ್ ಡ್ಯಾನ್ಸ್ ವಿಭಾಗಕ್ಕೆ ಸಂಬಂಧಿಸಿ, ಇನ್ನೊಬ್ಬ ತೀರ್ಪುಗಾರ ಫೋನಿನಲ್ಲಿ ಸ್ಥಾನಗಳ ಕ್ರಮವನ್ನು ಮೊದಲೇ ಹೇಳಿದ್ದನ್ನು ಕೆನಡಾದ ತೀರ್ಪುಗಾರ್ತಿ ಜೀನ್ ಸೆನ್ಫ್ಟ್ ಧ್ವನಿಮುದ್ರಿಸಿ ಬಯಲಿಗೆ ತಂದರು. ಎಲ್ಲರೂ ಒಂದೇ ಹೆಜ್ಜೆ ಹಾಕಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ ಎಂಬ ಮೂಲ ನಂಬಿಕೆ ನಿಂತಿದ್ದದ್ದು ನೋಡುವವರಿಗೆ ಕಾಣುವ ಮನಸ್ಸಿದೆ ಎಂಬ ಇನ್ನೊಂದು ನಂಬಿಕೆಯ ಮೇಲೆ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿಗಳ ಇನ್ನೊಂದು ವಿಭಾಗವಾದ ಪೇರ್ಸ್‌ನ ತೀರ್ಪು ಹಗರಣವಾಗಿ ಎರಡು ಜೋಡಿಗಳಿಗೆ ಚಿನ್ನ ಕೊಡಬೇಕಾಗಿ ಬಂದ ಮೇಲೆ 6.0 ಪದ್ಧತಿಯನ್ನೇ ಕೈಬಿಡಲಾಯಿತು. 2004ರಲ್ಲಿ ಒಕ್ಕೂಟ ಒಪ್ಪಿದ ಹೊಸ ಪದ್ಧತಿಯಲ್ಲಿ ಪ್ರತಿ ಅಂಶಕ್ಕೂ ಮೂಲಬೆಲೆ ಗೊತ್ತಾಯಿತು, ಅದು ಯಾವ ಮಟ್ಟದ್ದೆಂದು ತೀರ್ಮಾನಿಸಲು ಅಂಕ ಕೊಡುವವರಿಂದ ಬೇರೆಯಾದ, ವಿಡಿಯೊ ತಿರುಗಿಸಿ ನೋಡಬಲ್ಲ ತಾಂತ್ರಿಕ ಮಂಡಳಿ ಬಂತು.

ಇಷ್ಟರಲ್ಲಿ ಕಡ್ಡಾಯ ನೃತ್ಯಗಳ ಸಂಖ್ಯೆ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದಿತ್ತು. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ ಜೋಡಿಗಳು ಒಂದಾದ ಮೇಲೊಂದರಂತೆ ಬಂದು ಅದೇ ಟ್ಯಾಂಗೊ ರೊಮ್ಯಾಂಟಿಕಾವನ್ನು ನರ್ತಿಸಿದರು; ಅದು ಹುಟ್ಟಿ ಆಗಲೇ 36 ವರ್ಷವಾಗಿತ್ತು. ಆ ಸುತ್ತಿನಲ್ಲಿ ರಷ್ಯದ ಒಕ್ಸಾನಾ ದೊಮ್ನಿನಾ ಮತ್ತು ಮ್ಯಾಕ್ಸಿಮ್ ಶಬಾಲಿನ್ ಮೊದಲಿಗರಾದರೂ ಕೊನೆಗೆ ಗೆದ್ದವರು ಕೆನಡಾದ ಟೆಸ್ಸಾ ವರ್ಚೂ ಮತ್ತು ಸ್ಕಾಟ್ ಮೊಯಿರ್. ಮೊದಲ ಸುತ್ತಿನ ಕ್ರಮ ಕಡೆಯವರೆಗೂ ಕದಲದೆ ಉಳಿಯುವ ಹಳೆಯ ವಾಡಿಕೆ, ಕಡ್ಡಾಯ ನೃತ್ಯ ಕೊನೆಯ ಬಾರಿಗೆ ಒಲಿಂಪಿಕ್ಸ್ ಕಂಡ ಹೊತ್ತಿಗೆ ಮುರಿದುಬಿದ್ದಿತ್ತು. ಅದೇ ಮಾರ್ಚಿನಲ್ಲಿ ಟುರಿನ್‌ನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಗೋಲ್ಡನ್ ವಾಲ್ಟ್ಸ್ ನಡೆದು, ಜೂನ್ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಒಕ್ಕೂಟದ ಮಹಾಧಿವೇಶನ ಕಡ್ಡಾಯ ನೃತ್ಯ, ಸ್ವಂತ ನೃತ್ಯ ಎರಡನ್ನೂ ರದ್ದುಮಾಡಿ, ಅವೆರಡನ್ನೂ ಒಂದರಲ್ಲೇ ಅಡಕಮಾಡಿದ ಶಾರ್ಟ್ ಡ್ಯಾನ್ಸ್ ಎಂಬ ಸುತ್ತನ್ನು ತಂದಿತು. ಸ್ಕೇಟಿಂಗಿನ ಉಳಿದ ವಿಭಾಗಗಳಿಗೆ ಎರಡೇ ಸುತ್ತಿರುವಾಗ ಡ್ಯಾನ್ಸಿಗೆ ಮಾತ್ರ ಮೂರು ಏಕೆಂಬ ಪ್ರಶ್ನೆಗೆ, ಅದರಲ್ಲೂ ಮೊದಲನೆಯದಕ್ಕೆ ಪ್ರೇಕ್ಷಕರೇ ಇಲ್ಲದಿರುವಾಗ, ಸಮರ್ಥನೆ ಉಳಿದಿರಲಿಲ್ಲ.

ಹಳೆಯ ನೃತ್ಯ ಪೂರ್ತಿ ಹೋಗಲಿಲ್ಲ; ಅದರ ಒಂದು ತುಣುಕು ಪ್ಯಾಟರ್ನ್ ಡ್ಯಾನ್ಸ್ ಎಂಬ ಹೆಸರಿನಲ್ಲಿ ಶಾರ್ಟ್ ಡ್ಯಾನ್ಸಿನೊಳಗೆ ಬಂದು ಕುಳಿತಿತು. ಸಂಗೀತ ಈಗ ಜೋಡಿಯ ಆಯ್ಕೆ, ವೇಗ ಮಾತ್ರ ನಿಗದಿಯಾದದ್ದು. ನ್ಯಾಯದ ಭಾರವನ್ನು ಹೊತ್ತದ್ದು ಕೀ ಪಾಯಿಂಟ್‌ಗಳೆಂಬ ಹೊಸ ವ್ಯವಸ್ಥೆ: ನೃತ್ಯದ ಪ್ರತಿ ಭಾಗದಲ್ಲೂ ಕೆಲವೇ ಹೆಜ್ಜೆಗಳನ್ನು ಮುಂಚಿತವಾಗಿ ಆರಿಸಿ ಪ್ರಕಟಿಸಲಾಗುತ್ತದೆ, ಆ ಹೆಜ್ಜೆಯಲ್ಲಿ ಅಂಚು ಸರಿಯಿತ್ತೇ, ತಿರುವು ಶುದ್ಧವಾಗಿತ್ತೇ, ಹೇಳಿದಷ್ಟು ಬೀಟು ನಿಂತಿತೇ ಎಂದು ತಾಂತ್ರಿಕ ಮಂಡಳಿ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಸರಿಬಿದ್ದವುಗಳ ಎಣಿಕೆಯ ಮೇಲೆ 1ರಿಂದ 4ರವರೆಗಿನ ಮಟ್ಟ ಗೊತ್ತಾಗುತ್ತದೆ. ಕೆಲವು ಕೀ ಪಾಯಿಂಟ್ ಮಹಿಳೆಯ ಹೆಜ್ಜೆಗೆ, ಕೆಲವು ಪುರುಷನ ಹೆಜ್ಜೆಗೆ ಸೇರಿದವಾದ್ದರಿಂದ ಒಬ್ಬರ ಕುಂದನ್ನು ಇನ್ನೊಬ್ಬರ ಚೆಲುವು ಮುಚ್ಚಿಹಾಕುವಂತಿಲ್ಲ. ನೃತ್ಯದ ಮೊದಲ ಹೆಜ್ಜೆ ತೀರ್ಪುಗಾರರ ಯಾವ ಬದಿಯಿಂದ ಹೊರಡಬೇಕೆಂಬುದನ್ನೂ ನಿಯಮ ಹೇಳುತ್ತಿತ್ತು, ಎಲ್ಲ ಜೋಡಿಗಳ ಅದೇ ತಿರುವು ಅದೇ ಕೋನದಿಂದ ಕಾಣಲೆಂದು. ಗೆರೆಯನ್ನು ಬಗ್ಗಿ ನೋಡುತ್ತಿದ್ದ ಕಾಲದ ಖಚಿತತೆಯನ್ನು ಕ್ಯಾಮೆರಾದ ಮೂಲಕ ಮರಳಿ ಪಡೆಯುವ ಪ್ರಯತ್ನ ಇದು ಎನ್ನಬಹುದು. ಆದರೆ ಯಾವ ಹೆಜ್ಜೆಯನ್ನು ಪರೀಕ್ಷಿಸಲಾಗುತ್ತದೆಂದು ಮೊದಲೇ ತಿಳಿದಾಗ ತಾಲೀಮೆಲ್ಲ ಅದರ ಸುತ್ತಲೇ ನಡೆಯುವುದು, ಉಳಿದ ಹೆಜ್ಜೆಗಳು ಆ ಹೆಜ್ಜೆಗೆ ತಲುಪಿಸುವ ದಾರಿಯಷ್ಟೇ ಆಗಿಬಿಡುವುದು ತಪ್ಪಲಿಲ್ಲ.

ಈ ವ್ಯವಸ್ಥೆ ಅತ್ಯಂತ ಕುತೂಹಲಕರವಾದ ಪರೀಕ್ಷೆಗೆ ಒಳಗಾದದ್ದು 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ. ಆ ವರ್ಷದ ಪ್ಯಾಟರ್ನ್ ಡ್ಯಾನ್ಸ್ ಫಿನ್‌ಸ್ಟೆಪ್. ಫಿನ್ಲೆಂಡಿನ ಸುಸಾನಾ ರಹ್ಕಾಮೊ ಮತ್ತು ಪೆಟ್ರಿ ಕೊಕ್ಕೊ 1995ರಲ್ಲಿ ತಮ್ಮ ಸ್ವಂತ ನೃತ್ಯವಾಗಿ ಕಟ್ಟಿದ್ದು, ನಿಮಿಷಕ್ಕೆ 104 ಬೀಟಿನ ಕ್ವಿಕ್‌ಸ್ಟೆಪ್ ತಾಳದಲ್ಲಿ ಪುಟಿಯುತ್ತ, ಕುಪ್ಪಳಿಸುತ್ತ ಸಾಗುವ ನೃತ್ಯ. ಶಾರ್ಟ್ ಡ್ಯಾನ್ಸಿನಲ್ಲಿ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ 78.89 ಅಂಕ, ವರ್ಚೂ ಮತ್ತು ಮೊಯಿರ್ 76.33 ಅಂಕ ಪಡೆದರು. ವರ್ಚೂ ಮತ್ತು ಮೊಯಿರ್ ಮುಂದಿರಬೇಕಾಗಿತ್ತೆಂಬ ಅಭಿಪ್ರಾಯವನ್ನು ಸ್ವತಃ ಕೊಕ್ಕೊ ಟ್ವಿಟರಿನಲ್ಲಿ ಪ್ರಕಟಿಸಿದ್ದು ದೊಡ್ಡ ಚರ್ಚೆಗೆ ಎಡೆಮಾಡಿತು. ಕಟ್ಟಿದವನ ಕಣ್ಣಿಗೆ ಕಾಣುವುದು ನೃತ್ಯದ ಇಡೀ ಚಹರೆ, ಮಂಡಳಿ ನೋಡುವುದು ಗೊತ್ತುಮಾಡಿದ ಕೆಲವು ಬಿಂದುಗಳನ್ನು. ಎರಡೂ ಪ್ರಾಮಾಣಿಕವಾಗಿದ್ದುಕೊಂಡೇ ಬೇರೆಬೇರೆ ಉತ್ತರ ಕೊಡಬಲ್ಲವು. ನಿಯಮದ ಪ್ರಕಾರ ಮಂಡಳಿಯ ಮಾತೇ ನಡೆಯಬೇಕು, ನಡೆಯಿತು. ಚಿನ್ನ ಡೇವಿಸ್ ಮತ್ತು ವೈಟ್‌ಗೆ ಸಂದಿತು.

2018ರಲ್ಲಿ ಶಾರ್ಟ್ ಡ್ಯಾನ್ಸ್ ರಿದಮ್ ಡ್ಯಾನ್ಸ್ ಎಂದು ಹೆಸರು ಬದಲಿಸಿಕೊಂಡಿತು. 2022–23ರ ಋತುವಿನಿಂದ ಹಿರಿಯರ ವಿಭಾಗದಲ್ಲಿ ಪ್ಯಾಟರ್ನ್ ಡ್ಯಾನ್ಸಿನ ಜಾಗಕ್ಕೆ, ಜೋಡಿಗಳೇ ಹೆಜ್ಜೆ ಜೋಡಿಸಿಕೊಳ್ಳುವ ಒಂದು ಸರಣಿ ಬಂತು. ಹಳೆಯ ನೃತ್ಯಗಳು ಈಗ ಹೆಚ್ಚಾಗಿ ಬದುಕಿರುವುದು ಕಿರಿಯರ ತರಬೇತಿಯಲ್ಲಿ ಮತ್ತು ಆಯಾ ದೇಶದ ಸಂಸ್ಥೆಗಳು ನಡೆಸುವ ದರ್ಜೆ ಪರೀಕ್ಷೆಗಳಲ್ಲಿ. ಅದೇ 2022ರ ಡಿಸೆಂಬರಿನಲ್ಲಿ ಕೆನಡಾದ ರಾಷ್ಟ್ರೀಯ ಸಂಸ್ಥೆ ತನ್ನ ದೇಶದೊಳಗಿನ ಸ್ಪರ್ಧೆಗಳ ಮಟ್ಟಿಗೆ, ಜೋಡಿಯೆಂದರೆ ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ ಎಂಬ ವ್ಯಾಖ್ಯೆಯನ್ನು ಬದಲಾಯಿಸಿ, ಇಬ್ಬರು ಸ್ಕೇಟರ್‌ಗಳು ಎಂದಷ್ಟೇ ಹೇಳಿತು. ಹಿಂಬದಿಗೆ ಜಾರುವ ಶ್ರಮದ ಹೆಚ್ಚಿನ ಪಾಲನ್ನು ಅನೇಕ ವಾಲ್ಟ್ಸ್‌ಗಳಲ್ಲಿ ಮಹಿಳೆಯ ಅಂಕಣಕ್ಕೇ ಬರೆದಿಟ್ಟ ಆ ಹೆಜ್ಜೆಪಟ್ಟಿಗಳನ್ನು ಇಂಥ ಜೋಡಿ ಹೇಗೆ ಹಂಚಿಕೊಳ್ಳಬೇಕು, ಯಾರ ಕಾಲಿಗೆ ಯಾವ ಕೀ ಪಾಯಿಂಟ್ ಲೆಕ್ಕಕ್ಕೆ ಬರಬೇಕು ಎಂಬುದು 1930ರ ದಶಕದ ರಿಂಕ್‌ಗಳಲ್ಲಿ ಯಾರೂ ಕೇಳಿಕೊಳ್ಳದಿದ್ದ ಪ್ರಶ್ನೆ. ಇಬ್ಬರಿಗೂ ಒಂದೇ ಹೆಜ್ಜೆಯಿರುವ ಕಿಲಿಯನ್‌ನಂಥ ನೃತ್ಯಗಳಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಉಳಿದವುಗಳಲ್ಲಿ ಬಹುತೇಕ ಎಲ್ಲಕ್ಕೂ ಎರಡು ಅಂಕಣಗಳಿವೆ.